ಪಾತ್ರಕ್ಕೂ ಒಂದು ಮನೆ ಬೇಕು

(ಸಂಸ್ಥೆಯ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ. ಸಂಚಿಕೆಗಾಗಿ ಅಲ್ಲಲ್ಲಿ ತಿದ್ದಿ ಬರೆದಿದ್ದೇನೆ.)





ನನಗೆ ಕೊಟ್ಟಿರುವ ವಿಷಯ ‘ಶಾಲಾ ಮಕ್ಕಳು ಮತ್ತು ಪಾತ್ರಾಭಿನಯ’. ವಿಷಯ ದೊಡ್ಡದು, ಕೊಟ್ಟ ವೇಳೆ ಚಿಕ್ಕದು. ಹೀಗಾಗಿ ಅದರೊಳಗಿನ ಒಂದೇ ಸಂಗತಿಯನ್ನು ಎತ್ತಿಕೊಳ್ಳುತ್ತೇನೆ. ಮಕ್ಕಳು ಆಡುವ ಪಾತ್ರಗಳಿಗೆ ತಂದೆ ಯಾರು, ತಾಯಿ ಯಾರು, ಮನೆ ಯಾವುದು ಎಂಬುದು. ಇದೇನು ಮಹಾ ವಿಷಯ ಎಂದು ನಿಮಗನಿಸಬಹುದು. ನನಗೂ ಕೆಲವು ವರ್ಷಗಳ ಹಿಂದೆ ಹಾಗೆಯೇ ಅನಿಸುತ್ತಿತ್ತು.

ಪಾತ್ರಾಭಿನಯ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಬಿ.ಇಡ್. ಓದುವಾಗ ಅದೂ ಒಂದು ಬೋಧನಾ ವಿಧಾನವೆಂದು ನಾವೆಲ್ಲ ಬಾಯಿಪಾಠ ಮಾಡಿ ಬರೆದವರೇ. 1980ರಲ್ಲಿ ಆರಂಭವಾದ ರಾಷ್ಟ್ರೀಯ ಜನಸಂಖ್ಯಾ ಶಿಕ್ಷಣ ಯೋಜನೆಯ ಅಡಿಯಲ್ಲಿ ಎನ್.ಸಿ.ಇ.ಆರ್.ಟಿ. ಪಾತ್ರಾಭಿನಯ ಸ್ಪರ್ಧೆಯನ್ನು ನಡೆಸುತ್ತ ಬಂದಿದೆ. ನಾಲ್ಕೈದು ಮಕ್ಕಳು, ಐದಾರು ನಿಮಿಷ, ಸಮಾಜದ ಒಂದು ಸಮಸ್ಯೆ. ಶಾಲೆಯಲ್ಲಿ ಗೆದ್ದವರು ಮೇಲಿನ ಹಂತಕ್ಕೆ ಹೋಗುತ್ತಾರೆ. ಇನ್ನು ಪ್ರತಿಭಾ ಕಾರಂಜಿ ಇದ್ದೇ ಇದೆ, ಶಾಲಾ ವಾರ್ಷಿಕೋತ್ಸವ ಇದ್ದೇ ಇದೆ. ವರ್ಷಕ್ಕೆ ಎರಡು ಮೂರು ಸಲವಾದರೂ ನಾವು ಮಕ್ಕಳನ್ನು ಯಾರದೋ ಮಗ, ಯಾರದೋ ಮಗಳು, ಯಾರದೋ ಅಪ್ಪ ಎಂದು ವೇದಿಕೆ ಹತ್ತಿಸುತ್ತೇವೆ. ಆ ‘ಯಾರದೋ’ ಎಂಬಲ್ಲೇ ನಮ್ಮ ತಪ್ಪು ಇದೆ.

ನನ್ನದೇ ತಪ್ಪಿನಿಂದ ಪ್ರಾರಂಭಿಸುತ್ತೇನೆ.

ತಿಕೋಟಾ ಭಾಗದ ಒಂದು ಶಾಲೆಯಲ್ಲಿ ನಾನು ಬರೆದ ಪಾತ್ರಾಭಿನಯವನ್ನು ಮಕ್ಕಳು ಮಾಡಿದ್ದರು. ವಿಷಯ ನೀವೇ ಊಹಿಸಬಹುದು: ಹೆಣ್ಣುಮಗುವಿನ ಶಿಕ್ಷಣ. ಏಳನೇ ತರಗತಿ ಮುಗಿಸಿದ ಹುಡುಗಿ, ಹೆಸರು ರುಖ್ಸಾನಾ. ತಂದೆ ಕುಡುಕ. ಬಂದವನೇ ಚೀಲ ಎಸೆಯುತ್ತಾನೆ, ಪುಸ್ತಕ ಹರಿಯುತ್ತಾನೆ, ಕೈ ಎತ್ತುತ್ತಾನೆ. ತಾಯಿ ಮೂಲೆಯಲ್ಲಿ ಅಳುತ್ತಾಳೆ. ಕೊನೆಗೆ ಟೀಚರ್ ಬಂದು ನಾಲ್ಕು ಮಾತು ಹೇಳುತ್ತಾರೆ, ತಂದೆಗೆ ಜ್ಞಾನೋದಯವಾಗುತ್ತದೆ. ಎಲ್ಲರೂ ಸಾಲಾಗಿ ನಿಂತು ಘೋಷಣೆ ಕೂಗುತ್ತಾರೆ. ಚಪ್ಪಾಳೆ ಬಿತ್ತು. ನಾನೂ ಖುಷಿಯಲ್ಲಿದ್ದೆ.

ಕಾರ್ಯಕ್ರಮ ಮುಗಿದ ಮೇಲೆ ಒಬ್ಬ ಪಾಲಕರು ನನ್ನ ಬಳಿ ಬಂದರು. ದ್ರಾಕ್ಷಿ ತೋಟಗಳಲ್ಲಿ ಕೂಲಿಗೆ ಹೋಗುವವರು. ಅವರು ಮಾತಾಡಿದ್ದು ನಮ್ಮ ದಖನಿಯಲ್ಲಿ, ನಿಮಗಾಗಿ ಕನ್ನಡದಲ್ಲಿ ಹೇಳುತ್ತೇನೆ.

“ಬಾಯಾರ, ನಾಟಕ ಛಲೋ ಆತು. ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಆ ಅಪ್ಪ ಯಾವ ಊರಾಂವ?”

ನನಗೆ ಪ್ರಶ್ನೆಯೇ ತಿಳಿಯಲಿಲ್ಲ. ಅವರು ಮುಂದುವರಿಸಿದರು. “ಅಂವ ಏನ್ ಕೆಲಸ ಮಾಡ್ತಾನ? ಅವ್ನ ಅವ್ವ ಅದಾಳೋ ಇಲ್ಲೋ?”

ನಾನು, ಅದೆಲ್ಲ ನಾಟಕದಲ್ಲಿ ಇಲ್ಲ ಎಂದೆ.

“ಹೌದಲ್ರಿ. ನಾನೂ ಮಗಳ್ನ ಏಳನೇತ್ತಕ್ಕ ಬಿಡಿಸೀನಿ. ಆದ್ರ ನಾ ಕುಡ್ಯಾಂವ ಅಲ್ಲ, ಮಗಳ ಮ್ಯಾಲ ಇವತ್ತಿನ ತನಾ ಕೈ ಎತ್ತಿದಾಂವ ಅಲ್ಲ. ಹಂಗಾರ ಈ ನಾಟಕ ನನಗ ಹೇಳಿದ್ದಲ್ಲ ಬಿಡ್ರಿ.”

ಇಷ್ಟು ಹೇಳಿ ಅವರು ಹೋದರು. ಅವರ ಮಾತಿನಲ್ಲಿ ಸಿಟ್ಟು ಇರಲಿಲ್ಲ. ಒಂಥರ ಸಮಾಧಾನ ಇತ್ತು. ಅದೇ ನನ್ನನ್ನು ಇಂದಿಗೂ ಚುಚ್ಚುತ್ತದೆ. ಯಾರ ಮನಸ್ಸನ್ನು ತಟ್ಟಬೇಕೆಂದು ನಾಟಕ ಬರೆದಿದ್ದೆನೋ ಆ ಮನುಷ್ಯನಿಗೆ ನಾನೇ ಖುಲಾಸೆ ಕೊಟ್ಟು ಕಳಿಸಿದ್ದೆ. ತಿಕೋಟಾದಲ್ಲಾಗಲಿ ಬಬಲೇಶ್ವರದಲ್ಲಾಗಲಿ ಮಗಳ ಓದು ನಿಲ್ಲಿಸಿದ ತಂದೆಯರನ್ನು ನಾನು ಬಲ್ಲೆ. ಅವರಲ್ಲಿ ಹೆಚ್ಚಿನವರು ಒಳ್ಳೆಯ ಜನ. ಮಗಳಿಗೆ ಜ್ವರ ಬಂದರೆ ರಾತ್ರಿಯೇ ಹೊತ್ತುಕೊಂಡು ವಿಜಯಪುರದ ದವಾಖಾನೆಗೆ ಓಡುವವರು. ಒಳ್ಳೆಯ ಮನುಷ್ಯನೇ ಮಗಳ ಶಾಲೆ ಏಕೆ ಬಿಡಿಸುತ್ತಾನೆ ಎಂಬುದು ನಿಜವಾದ ಪ್ರಶ್ನೆ. ನನ್ನ ನಾಟಕದಲ್ಲಿ ಆ ಪ್ರಶ್ನೆಯೇ ಇರಲಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಸ್ಪರ್ಧೆಗಳಲ್ಲಿ ಬೇರೆ ಬೇರೆ ಶಾಲೆಯ ತಂಡಗಳನ್ನು ನೋಡಿದ್ದೇನೆ. ನಾಟಕದಲ್ಲಿ ಮುಸ್ಲಿಂ ತಂದೆ ಬಂದನೆಂದರೆ ತಲೆಗೆ ಟೋಪಿ, ಮೊಣಕಾಲ ಮೇಲೆ ಕಟ್ಟಿದ ಲುಂಗಿ, ಬಾಯಲ್ಲಿ ‘ನಮ್ದುಕೆ, ನಿಮ್ದುಕೆ’ ಎಂಬ ಹರಕು ಕನ್ನಡ. ಜನ ನಗುತ್ತಾರೆ. ಈ ಕನ್ನಡ ಯಾವ ಊರಿನದು? ನಮ್ಮ ತಿಕೋಟಾ ಸಂತೆಯಲ್ಲಿ ಬದನೆಕಾಯಿ ಮಾರುವ ಚಾಚಾ ಮಾತಾಡುವ ಕನ್ನಡಕ್ಕೂ ಪಕ್ಕದಲ್ಲಿ ಮೆಣಸಿನಕಾಯಿ ಮಾರುವ ಕಾಕಾ ಮಾತಾಡುವ ಕನ್ನಡಕ್ಕೂ ಏನಾದರೂ ವ್ಯತ್ಯಾಸ ಉಂಟೇ? ಆ ಹರಕು ಕನ್ನಡ ಸಿನಿಮಾದಿಂದ ಬಂದದ್ದು. ಬೇರೆಯವರನ್ನು ದೂರಬೇಕಾಗಿಲ್ಲ. ಉರ್ದು ಶಾಲೆಯ ನಮ್ಮ ಮಕ್ಕಳೇ, ಮನೆಯಲ್ಲಿ ಸ್ವಚ್ಛ ವಿಜಯಪುರದ ಕನ್ನಡ ಮಾತಾಡುವ ತಂದೆ ಇರುವ ಮಕ್ಕಳೇ, ವೇದಿಕೆ ಹತ್ತಿದ ಕೂಡಲೇ ಆ ಸಿನಿಮಾ ಅಪ್ಪನನ್ನು ಆಡುತ್ತಾರೆ. ಏಕೆಂದರೆ ಅವರಿಗೆ ಗೊತ್ತಿರುವ ‘ನಾಟಕದ ಅಪ್ಪ’ ಅವನೊಬ್ಬನೇ. ಬೇರೆ ಅಪ್ಪನನ್ನು ನಾವು ಅವರಿಗೆ ಕೊಟ್ಟಿಲ್ಲ.

ಹಾಗಾದರೆ ಬೇರೆ ಅಪ್ಪನನ್ನು ತರುವುದು ಎಲ್ಲಿಂದ? ಮರುವರ್ಷ ಅದೇ ರುಖ್ಸಾನಾಳ ಕಥೆಯನ್ನು ಮತ್ತೆ ಎತ್ತಿಕೊಂಡೆ. ಈ ಸಲ ಸಂಭಾಷಣೆ ಬರೆಯಲಿಲ್ಲ. ಆ ಪಾಲಕರು ಕೇಳಿದ ಮೂರು ಪ್ರಶ್ನೆಗಳನ್ನೇ ಕಪ್ಪು ಹಲಗೆಯ ಮೇಲೆ ಬರೆದೆ. ಯಾವ ಊರು, ಏನು ಕೆಲಸ, ಅವ್ವ ಇದ್ದಾಳೋ ಇಲ್ಲವೋ. ತಂದೆಗೆ ದಸ್ತಗೀರ ಎಂದು ಹೆಸರಿಟ್ಟೆವು. ಮಕ್ಕಳು ಗುಂಪಾಗಿ ಕುಳಿತು ದಸ್ತಗೀರನ ಮನೆ ಕಟ್ಟಿದರು.

ಮೊದಲ ದಿನದ ಫಲಿತಾಂಶ ಕೇಳಿ. ದಸ್ತಗೀರನ ವಯಸ್ಸು 40, ಅವನ ತಾಯಿಯ ವಯಸ್ಸು 45! ಇಡೀ ತರಗತಿ ನಕ್ಕಿತು. ಮಕ್ಕಳಿಗೆ ‘ದಾದಿ’ ಎಂದರೆ ಒಂದು ಬಿಳಿ ದುಪಟ್ಟಾ, ಒಂದು ಕೋಲು, ಒಂದು ಕೆಮ್ಮು. ಆಕೆಗೂ ಒಂದು ಹುಟ್ಟಿದ ವರ್ಷ ಇದೆ ಎಂದು ಅವರು ಯೋಚಿಸಿದವರೇ ಅಲ್ಲ. ಸರಿ, ಲೆಕ್ಕ ಹಾಕಿದೆವು. ದಾದಿಗೆ ಈಗ ಅರವತ್ತಮೂರು ಎಂದಿಟ್ಟುಕೊಂಡರೆ 1972ರ ದೊಡ್ಡ ಬರಗಾಲದಲ್ಲಿ ಆಕೆಗೆ ಹೆಚ್ಚು ಕಡಿಮೆ ಹತ್ತು ವರ್ಷ. ಅಲ್ಲಿಗೆ ಗಣಿತದ ಪಾಠ ಇತಿಹಾಸದ ಪಾಠವಾಯಿತು. ಓಣಿಯ ಹಿರಿಯರನ್ನು ಆ ಬರದ ಬಗ್ಗೆ ಕೇಳಿಕೊಂಡು ಬನ್ನಿ ಎಂದು ಕಳಿಸಿದೆ. ಮರುದಿನ ಬಂದ ಮಕ್ಕಳ ಬಾಯಲ್ಲಿ ಬರಗಾಲದ ಕಾಮಗಾರಿ, ಕಲ್ಲು ಒಡೆಯುವುದು, ದನಗಳನ್ನು ಮಾರಿದ್ದು, ಸಾಂಗ್ಲಿ ಮಿರಜ ಕಡೆ ದುಡಿಯಲು ಹೋದದ್ದು. ಪಠ್ಯಪುಸ್ತಕದಲ್ಲಿ ಇಲ್ಲದ ವಿಜಯಪುರ ಜಿಲ್ಲೆ ಅದು. ಹತ್ತು ವರ್ಷಕ್ಕೆ ಕಲ್ಲು ಒಡೆದ ಹುಡುಗಿ ಶಾಲೆಗೆ ಹೋಗಿರಲಿಕ್ಕಿಲ್ಲ ಎಂದು ಮಕ್ಕಳೇ ತೀರ್ಮಾನಿಸಿದರು. ಹಾಗಾದರೆ ಮೊಮ್ಮಗಳ ಶಾಲೆಯ ಬಗ್ಗೆ ಆಕೆ ಏನು ಯೋಚಿಸುತ್ತಾಳೆ? ಇಲ್ಲಿ ಗುಂಪು ಎರಡಾಯಿತು. ‘ನಾನು ಕಲಿಯಲಿಲ್ಲ, ಇವಳಾದರೂ ಕಲಿಯಲಿ’ ಎನ್ನುತ್ತಾಳೆ ಎಂದು ಕೆಲವರು. ‘ನಾನು ಕಲಿಯದೇ ನಾಲ್ಕು ಮಕ್ಕಳನ್ನು ಸಾಕಲಿಲ್ಲವೇ’ ಎನ್ನುತ್ತಾಳೆ ಎಂದು ಕೆಲವರು. ಎರಡೂ ನಿಜವೇ. ನಾನು ಬಾಯಿ ಹಾಕಲಿಲ್ಲ.

ಇನ್ನು ದಸ್ತಗೀರ. ಮಕ್ಕಳು ಅವನನ್ನು ಕನ್ನಡ ಶಾಲೆಗೆ ಕಳಿಸಿ, ಐದನೇ ತರಗತಿಗೇ ಬಿಡಿಸಿ, ವಿಜಯಪುರದ ಒಂದು ಗ್ಯಾರೇಜಿಗೆ ಹಾಕಿದರು. ಅಲ್ಲಿಂದ ಗೋವಾಕ್ಕೆ ಗೌಂಡಿ ಕೆಲಸ. ತಂದೆ ತೀರಿಕೊಂಡ ಮೇಲೆ ಊರಿಗೆ ವಾಪಸು, ಈಗ ದ್ರಾಕ್ಷಿ ತೋಟದ ಕೆಲಸ. ಇದನ್ನು ಬರೆಯುವಾಗ ಒಬ್ಬ ಹುಡುಗಿ ಒಂದು ಮಾತು ಹೇಳಿದಳು. “ಟೀಚರ್, ಅವರು ಕನ್ನಡ ಸಾಲಿ ಕಲಿತವರು. ರುಖ್ಸಾನಾ ಉರ್ದು ಸಾಲಿ. ಅವರಿಗೆ ಮಗಳ ಪುಸ್ತಕ ಓದಾಕ ಬರಂಗಿಲ್ಲ.” ನಾನು ಎಷ್ಟೋ ವರ್ಷದಿಂದ ಉರ್ದು ಮತ್ತು ಕನ್ನಡ ಎರಡನ್ನೂ ಕಲಿಸುತ್ತಿದ್ದೇನೆ. ಈ ಸಂಗತಿ ನನಗೆ ಹೊಳೆದಿರಲಿಲ್ಲ. ಬಸ್ಸಿನ ಬೋರ್ಡು ಓದುವ, ರಸಗೊಬ್ಬರದ ಚೀಲ ಓದುವ ತಂದೆ ಮಗಳ ನೋಟ್‌ಬುಕ್ಕಿನ ಮುಂದೆ ನಿರಕ್ಷರಿ. ಅವಳು ಜಾಣೆಯೋ ದಡ್ಡಿಯೋ ಅವನಿಗೆ ತಿಳಿಯುವುದು ಹೇಗೆ? ಪರರು ಹೇಳಿದರೆ ಮಾತ್ರ. ಅದರ ಮೇಲೆ ಏಳನೇ ತರಗತಿಯ ನಂತರ ಊರಲ್ಲಿ ಉರ್ದು ಹೈಸ್ಕೂಲು ಇಲ್ಲದಿದ್ದರೆ ಕನ್ನಡ ಮಾಧ್ಯಮಕ್ಕೆ ಸೇರಬೇಕು ಅಥವಾ ಬಸ್ಸು ಹತ್ತಬೇಕು. ಸಂಜೆ ಶಾಲೆ ಬಿಟ್ಟ ಮೇಲೆ ಬಸ್ಸು ತಡವಾದರೆ ಕತ್ತಲಾಗುತ್ತದೆ.

ಕೆಲಸ ಎಂದರೆ ಬರೀ ಹೆಸರು ಬರೆದರೆ ಸಾಲದು, ಅದರ ಹಂಗಾಮು ಬರೆಯಬೇಕು. ಇದನ್ನು ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಿ. ನಮ್ಮ ಭಾಗದಲ್ಲಿ ದ್ರಾಕ್ಷಿ ಬಳ್ಳಿಯನ್ನು ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್ ಸುಮಾರಿಗೆ ಸವರುತ್ತಾರೆ. ಹೊಸ ವರ್ಷದ ನಂತರ ಕಟಾವು. ಬೇಸಿಗೆ ಏರುತ್ತಿದ್ದಂತೆ ಒಣದ್ರಾಕ್ಷಿ ಶೆಡ್ಡುಗಳ ಕೆಲಸ. ಕೂಲಿ ಕೈತುಂಬ ಸಿಗುವ ಮಾರ್ಚ್ ತಿಂಗಳೇ ಮಕ್ಕಳ ಪರೀಕ್ಷೆಯ ತಿಂಗಳು. ಶೆಡ್ಡಿನಲ್ಲಿ ಕಾಳು ಆರಿಸಲು ಹುಡುಗಿಯ ಕೈ ಇನ್ನೆರಡು ಬಂದರೆ ಮನೆಗೆ ಎಷ್ಟು ಅನುಕೂಲ ಎಂದು ದಸ್ತಗೀರನಿಗೆ ಗೊತ್ತು. ಅವನು ಒಂದು ದಿನ ಕುಳಿತು ‘ಮಗಳ ಶಾಲೆ ಬಿಡಿಸುತ್ತೇನೆ’ ಎಂದು ನಿರ್ಧಾರ ಮಾಡಿದವನಲ್ಲ. ಮಾರ್ಚಿನಲ್ಲಿ ನಾಲ್ಕು ದಿನ ಎಂದು ಶುರುವಾದದ್ದು ಜೂನ್ ವರೆಗೆ ಬಂದು ನಿಂತಿತು. ನಿಜವಾದ ಮನೆಗಳಲ್ಲಿ ಶಾಲೆ ತಪ್ಪುವುದು ಹೀಗೆಯೇ. ಪುಸ್ತಕ ಹರಿಯುವ ದೃಶ್ಯವನ್ನು ನಾನು ಯಾವ ಮನೆಯಲ್ಲೂ ಕಂಡಿಲ್ಲ.

ಫುಪ್ಪುವನ್ನು ತಂದವನು ಒಬ್ಬ ಹುಡುಗ. ದಸ್ತಗೀರನ ತಂಗಿ, ಸೊಲ್ಲಾಪುರಕ್ಕೆ ಚಿಕ್ಕ ವಯಸ್ಸಿಗೇ ಕೊಟ್ಟಿದ್ದರು, ಗಂಡ ಬಿಟ್ಟ ಮೇಲೆ ಒಬ್ಬ ಮಗನೊಂದಿಗೆ ತವರಿಗೆ ಬಂದವಳು, ಹೊಲಿಗೆ ಯಂತ್ರ ಇದೆ. ಆ ಮನೆಯಲ್ಲಿ ರುಖ್ಸಾನಾ ಓದಬೇಕೆನ್ನುವವಳು ಆಕೆ. ಆದರೆ ತವರಿನಲ್ಲಿ ಊಟ ಮಾಡುವ ಹೆಣ್ಣು, ಅಣ್ಣನ ಎದುರು ಎಷ್ಟು ಮಾತಾಡಿಯಾಳು? ಈಗ ನೋಡಿ, ಮೊದಲಿನ ನಾಟಕದಲ್ಲಿ ಒಬ್ಬ ದುಷ್ಟ, ಒಬ್ಬ ಬಡಪಾಯಿ ಇದ್ದರು. ಈಗ ಐದು ಜನ ಇದ್ದಾರೆ, ಐದೂ ಜನರಿಗೆ ಒಂದೊಂದು ಕಾರಣ ಇದೆ.

ಸಂಬಂಧದ ಹೆಸರುಗಳ ಬಗ್ಗೆ ಒಂದು ಮಾತು. ಎರಡು ಭಾಷೆಯ ಶಿಕ್ಷಕಿಯಾಗಿ ಇದು ನನ್ನ ಪ್ರೀತಿಯ ವಿಷಯ, ಸ್ವಲ್ಪ ಸಹಿಸಿಕೊಳ್ಳಿ. ನಮ್ಮ ತಂಡ ಉರ್ದುವಿನಲ್ಲಿ ಕಟ್ಟಿದ ಪ್ರಸಂಗವನ್ನು ಕನ್ನಡಕ್ಕೆ ತಿರುಗಿಸುವಾಗ ಒಬ್ಬಳು ‘ಮಾಮೂ ಬಂದರು’ ಎಂಬುದನ್ನು ‘ಮಾವ ಬಂದರು’ ಎಂದಳು. ನೋಡಲು ಕುಳಿತ ಕನ್ನಡ ಶಾಲೆಯ ಮಕ್ಕಳು ರುಖ್ಸಾನಾಳ ಮದುವೆಯೇ ಆಗಿಹೋಗಿದೆ ಎಂದು ತಿಳಿದರು! ಅವರ ತಪ್ಪಲ್ಲ. ಪುಸ್ತಕದ ಕನ್ನಡದಲ್ಲಿ ತಾಯಿಯ ತಮ್ಮನೂ ಮಾವ, ಗಂಡನ ತಂದೆಯೂ ಮಾವ. ತಂದೆಯ ತಂಗಿಯೂ ಅತ್ತೆ, ಗಂಡನ ತಾಯಿಯೂ ಅತ್ತೆ. ಸೋದರಮಾವನ ಮಗನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿಯಿಂದ ಬಂದ ಹೆಸರುಗಳು ಅವು. ಉರ್ದುವಿನಲ್ಲಿ ಮಾಮೂ ಬೇರೆ, ಸಸುರ್ ಬೇರೆ, ಫುಪ್ಪು ಬೇರೆ, ಸಾಸ್ ಬೇರೆ. ಇನ್ನೊಂದು ಕಡೆ, ಖಾಲಾ ಎಂದರೆ ತಾಯಿಯ ಅಕ್ಕನೂ ಆಗಬಹುದು, ತಂಗಿಯೂ ಆಗಬಹುದು. ಕನ್ನಡ ಒಪ್ಪುವುದಿಲ್ಲ, ದೊಡ್ಡಮ್ಮನೋ ಚಿಕ್ಕಮ್ಮನೋ ಹೇಳು ಎನ್ನುತ್ತದೆ. ಚಿಕ್ಕಮ್ಮ ಎಂದರೆ ಮಲತಾಯಿ ಎಂಬ ಅರ್ಥವೂ ಬರುತ್ತದೆ. ಹೀಗಾಗಿ ಒಂದು ಪಾತ್ರವನ್ನು ಎರಡೂ ಭಾಷೆಯಲ್ಲಿ ಕರೆದು ನೋಡಿದರೆ ಅದರ ಮನೆಯ ಬಗ್ಗೆ ನಮಗೆ ಏನು ಗೊತ್ತಿಲ್ಲ ಎಂಬುದು ಬಯಲಾಗುತ್ತದೆ. ನಮ್ಮ ಕಡೆಯ ಮುತ್ಯಾ, ಆಯಿ, ಕಾಕಾ ಎಂಬ ಮಾತುಗಳನ್ನು ಬಿಟ್ಟು ಮಕ್ಕಳ ಬಾಯಲ್ಲಿ ‘ತಾತ, ಅಜ್ಜಿ, ಚಿಕ್ಕಪ್ಪ’ ಎಂದು ಬೆಂಗಳೂರು ಕನ್ನಡ ಹಾಕುವ ಶಿಕ್ಷಕರಿಗೂ ಇಲ್ಲಿ ನನ್ನದೊಂದು ಸಣ್ಣ ದೂರು ಇದೆ.

ಈ ಕೆಲಸ ನಾನು ಕಂಡುಹಿಡಿದದ್ದೇನಲ್ಲ. ರಶಿಯಾದ ನಾಟಕ ಗುರು ಸ್ಟಾನಿಸ್ಲಾವ್‌ಸ್ಕಿ ನಟನಾದವನು ಪಾತ್ರದ ಎಲ್ಲ ಸಂದರ್ಭಗಳನ್ನೂ ತಿಳಿದಿರಬೇಕು ಎಂದು ತನ್ನ ಶಿಷ್ಯರಿಗೆ ಕಲಿಸಿದ. ನಮ್ಮ ಜನ ಅವನಿಗಿಂತ ಮೊದಲೇ ಇದನ್ನು ಬಲ್ಲರು. ವಿಜಯಪುರದ ರಂಗಮಂದಿರಕ್ಕೆ ಯಾರ ಹೆಸರಿದೆಯೋ ಆ ಕಂದಗಲ್ಲ ಹನುಮಂತರಾಯರ ‘ರಕ್ತರಾತ್ರಿ’ ಈ ಭಾಗದಲ್ಲಿ ಮನೆಮಾತು. ಅದರ ಶಕುನಿಯ ಪಾತ್ರಕ್ಕಾಗಿ ಜನ ಹಳ್ಳಿಯಿಂದ ಹಳ್ಳಿಗೆ ನಡೆದು ಬರುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಶಕುನಿಯ ಕೈಯಲ್ಲಿರುವ ದಾಳಗಳು ಸೆರೆಮನೆಯಲ್ಲಿ ಸತ್ತ ಅವನ ತಂದೆಯ ಎಲುಬಿನಿಂದ ಮಾಡಿದವು ಎಂಬ ಜನಪದ ಕಥೆಯನ್ನು ಕೇಳಿದವರು ಅವನನ್ನು ಮೊದಲಿನಂತೆ ಬೈಯಲಾರರು. ಅವನು ಮಾಡಿದ್ದು ಸರಿಯಾಗುವುದಿಲ್ಲ, ಆದರೆ ಏಕೆ ಮಾಡಿದ ಎಂದು ತಿಳಿಯುತ್ತದೆ.

ಉರ್ದು ಓದುವ ಮಕ್ಕಳಿಗೆ ಇನ್ನೂ ಹತ್ತಿರದ ಉದಾಹರಣೆ ಪ್ರೇಮಚಂದರ ‘ಈದ್‌ಗಾಹ್’. 1933ರ ಕಥೆ. ಹಾಮಿದ್ ಎಂಬ ನಾಲ್ಕೈದು ವರ್ಷದ ಹುಡುಗ ಈದ್ ದಿನ ಮೇಳಕ್ಕೆ ಹೋಗಿ ಆಟಿಕೆ, ಮಿಠಾಯಿ ಎಲ್ಲ ಬಿಟ್ಟು ಅಜ್ಜಿಗೆ ಒಂದು ಕಬ್ಬಿಣದ ಚಿಮ್ಮಟ ತರುತ್ತಾನೆ. ಶಾಲೆಗಳಲ್ಲಿ ಇದನ್ನು ಆಡುವಾಗ ಎಲ್ಲರೂ ಮೇಳದಿಂದ ಶುರು ಮಾಡುತ್ತಾರೆ. ಆಟಿಕೆ, ಜೋಕಾಲಿ, ಗದ್ದಲ. ಹಾಮಿದ್ ತುಂಬ ಒಳ್ಳೆಯ ಹುಡುಗ ಎಂದು ನೀತಿ ಹೇಳಿ ಮುಗಿಸುತ್ತಾರೆ. ಆದರೆ ಪ್ರೇಮಚಂದರು ಮೇಳಕ್ಕೆ ಹೋಗುವ ಮೊದಲೇ ಆ ಮನೆಯ ಲೆಕ್ಕ ಒಪ್ಪಿಸಿದ್ದಾರೆ. ತಂದೆ ಕಾಲರಾದಿಂದ ಹೋದ, ತಾಯಿ ಹಳದಿಯಾಗುತ್ತಾ ಹೋಗಿ ಸತ್ತಳು. ಮಗುವಿಗೆ ಮಾತ್ರ ಅಬ್ಬಾಜಾನ್ ದುಡಿಯಲು ಹೋಗಿದ್ದಾರೆ, ಅಮ್ಮೀಜಾನ್ ಅಲ್ಲಾಹ್ ಮಿಯಾನ ಮನೆಯಿಂದ ಒಳ್ಳೊಳ್ಳೆಯ ವಸ್ತು ತರಲು ಹೋಗಿದ್ದಾರೆ ಎಂದು ಹೇಳಲಾಗಿದೆ. ಅಜ್ಜಿ ಅಮೀನಾಳ ಬಳಿ ಹೊಲಿಗೆಯ ದುಡ್ಡಿನಲ್ಲಿ ಉಳಿದದ್ದು ಎರಡಾಣೆ, ಅಂದರೆ ಎಂಟು ಪೈಸೆ. ಮೂರು ಹಾಮಿದನ ಜೇಬಿಗೆ, ಐದು ಅಮೀನಾಳ ಚೀಲಕ್ಕೆ.

ಒಂದು ಸಲ ಮಕ್ಕಳಿಂದ ಈ ಕಥೆಯನ್ನು ಆ ಎಂಟು ಪೈಸೆಯಿಂದಲೇ ಆಡಿಸಿದೆ. ಅಮೀನಾ ಆದ ಹುಡುಗಿ ನೆಲದ ಮೇಲೆ ಕುಳಿತು ಪೈಸೆ ಎಣಿಸುತ್ತಾಳೆ. ಮೂರು ಎತ್ತಿ ಕೊಡುತ್ತಾಳೆ. ಉಳಿದ ಐದನ್ನು ಮತ್ತೊಮ್ಮೆ ಎಣಿಸುತ್ತಾಳೆ. ಎರಡನೇ ಸಲ ಎಣಿಸು ಎಂದು ನಾನು ಹೇಳಿಕೊಟ್ಟಿರಲಿಲ್ಲ. ಏಕೆ ಎಣಿಸಿದೆ ಎಂದರೆ, “ಈದ್ ದಿನ ಎಲ್ಲಾರೂ ಕೇಳಾಕ ಬರ್ತಾರ, ಸಾಲತಾವೇನು ನೋಡಬೇಕಲ್ಲ ಟೀಚರ್” ಎಂದಳು. ಅವಳು ಆಗ ಅಮೀನಾ ಆಗಿದ್ದಳು.

ನಮ್ಮ ಊರಿನವಳೇ ಆದ ಚಾಂದ್ ಬೀಬಿಯನ್ನು ಬಿಟ್ಟರೆ ಅನ್ಯಾಯವಾದೀತು. ಛದ್ಮವೇಷ ಸ್ಪರ್ಧೆಯಲ್ಲಿ ಪ್ರತಿವರ್ಷ ಒಬ್ಬಳಾದರೂ ರಟ್ಟಿನ ಕತ್ತಿ ಹಿಡಿದು ‘ನಾನು ಚಾಂದ್ ಬೀಬಿ’ ಎಂದು ಗರ್ಜಿಸಿ ಇಳಿದು ಹೋಗುತ್ತಾಳೆ. ಇಳಿದವಳನ್ನು ನಿಲ್ಲಿಸಿ ಕೇಳಿ: ನೀನು ಯಾರ ಮಗಳಮ್ಮಾ? ಯಾರ ಹೆಂಡತಿ? ಉತ್ತರ ಬರುವುದಿಲ್ಲ. ಅವಳು ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು. 1565ರ ಯುದ್ಧಕ್ಕೆ ಮುನ್ನ ಎರಡು ರಾಜ್ಯಗಳ ಗೆಳೆತನಕ್ಕಾಗಿ ವಿಜಯಪುರದ ಮೊದಲನೆಯ ಅಲಿ ಆದಿಲ್ ಶಾಹನಿಗೆ ಕೊಟ್ಟ ಹುಡುಗಿ. ಅಲಿಯ ಸಹೋದರಿಯನ್ನು ಇವಳ ಸಹೋದರ ಮುರ್ತಜಾನಿಗೆ ಕೊಟ್ಟರು. ಇಂದಿನ ಮಾತಿನಲ್ಲಿ ಹೇಳುವುದಾದರೆ ಕೊಟ್ಟು ತಂದ ಸಂಬಂಧ. ಇವಳ ತಾಯಿ ಖುಂಜಾ ಹುಮಾಯೂನ್ ಗಂಡ ಸತ್ತ ಮೇಲೆ ಮಗನ ಹೆಸರಿನಲ್ಲಿ ಅಹಮದ್‌ನಗರವನ್ನು ಆಳಿದಳು. ಕೊನೆಗೆ ಆ ಮಗನೇ ಅವಳನ್ನು ಸೆರೆಗೆ ಹಾಕಿಸಿದ. 1580ರಲ್ಲಿ ಅಲಿ ಕೊಲೆಯಾದಾಗ ಚಾಂದ್ ಬೀಬಿಗೆ ಸ್ವಂತ ಮಕ್ಕಳಿರಲಿಲ್ಲ. ಒಂಬತ್ತು ವರ್ಷದ ಮೈದುನನ ಮಗ ಇಬ್ರಾಹಿಮನನ್ನು ಪಟ್ಟಕ್ಕೆ ಕೂರಿಸಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. ಅವಳನ್ನೂ ಒಬ್ಬ ಸರದಾರ ಸಾತಾರಾ ಕೋಟೆಯಲ್ಲಿ ಬಂಧನದಲ್ಲಿಟ್ಟ.

ಇಷ್ಟು ತಿಳಿದ ಮೇಲೆ ಕತ್ತಿ ಹಿಡಿಯಲಿ. ಅಧಿಕಾರ ಹಿಡಿದ ತಾಯಿಗೆ ಏನಾಯಿತು ಎಂದು ಕಂಡಿದ್ದ ಮಗಳು ತಾನೂ ಅದೇ ದಾರಿ ತುಳಿದಳು. 1595-96ರಲ್ಲಿ ಅಕ್ಬರನ ಸೈನ್ಯದೆದುರು ಅವಳು ಕಾದದ್ದು ತನ್ನ ತವರುಮನೆಯ ಕೋಟೆಯನ್ನು. ನಮ್ಮ ಚಾಂದ್ ಬಾವಡಿಯ ಮೆಟ್ಟಿಲ ಮೇಲೆ ಕೂರಿಸಿ ಒಬ್ಬ ಹುಡುಗಿಗೆ ಇದನ್ನು ಹೇಳಿದ್ದೆ. ಆ ವರ್ಷ ಅವಳು ಗರ್ಜಿಸಲಿಲ್ಲ. ಕತ್ತಿಯನ್ನು ಕೆಳಗಿಟ್ಟು, ಒಂಬತ್ತು ವರ್ಷದ ಇಬ್ರಾಹಿಮನ ಕೈ ಹಿಡಿದವಳಂತೆ ಒಂದು ಕೈ ಚಾಚಿ ನಿಂತು ಮಾತಾಡಿದಳು.

ಈಗ ನಾನು ಎಚ್ಚರಿಕೆಯ ಮಾತಿಗೆ ಬರಬೇಕು. ಮುಖ್ಯವಾಗಿ ಶಿಕ್ಷಕ ಮಿತ್ರರು ಕೇಳಬೇಕು.

ಈ ಪ್ರಯೋಗದ ಉತ್ಸಾಹದಲ್ಲಿ ನಾನು ಒಂದು ದೊಡ್ಡ ತಪ್ಪು ಮಾಡಿದೆ. ‘ನಿಮ್ಮ ತಂದೆಯ ಬಾಲ್ಯದ ಬಗ್ಗೆ ಒಂದು ಪುಟ ಬರೆದು ತನ್ನಿ’ ಎಂದು ಮನೆಗೆಲಸ ಕೊಟ್ಟೆ. ಎಲ್ಲರೂ ಬರೆದು ತಂದರು. ಒಬ್ಬ ಹುಡುಗ ಖಾಲಿ ಹಾಳೆ ತಂದ. ಎಲ್ಲರ ಮುಂದೆ ಬೈದೆ. ಅವನು ತಲೆ ತಗ್ಗಿಸಿ ನಿಂತ, ಒಂದು ಮಾತೂ ಆಡಲಿಲ್ಲ. ಮಧ್ಯಾಹ್ನ ಊಟದ ವೇಳೆ ಹಿರಿಯ ಶಿಕ್ಷಕಿಯೊಬ್ಬರು ನನ್ನನ್ನು ಬದಿಗೆ ಕರೆದು ಆ ಮನೆಯಲ್ಲಿ ತಂದೆಯ ಮಾತು ಎತ್ತುವುದಿಲ್ಲ ಎಂದು ಹೇಳಿದರು. ಏಕೆ ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹಾಮಿದನ ಕಥೆಯನ್ನು ಅಷ್ಟು ಸಲ ಪಾಠ ಮಾಡಿದವಳಿಗೆ ಎದುರು ಬೆಂಚಿನಲ್ಲಿ ಕುಳಿತವನು ಕಾಣಲಿಲ್ಲ.

ಅಂದಿನಿಂದ ನನ್ನ ತರಗತಿಯಲ್ಲಿ ಒಂದು ನಿಯಮ. ಮಗುವಿನ ಸ್ವಂತ ಮನೆಯನ್ನು ಎಂದೂ ಕೇಳಬಾರದು. ಪಾತ್ರದ ಮನೆಯನ್ನು ಮಾತ್ರ ಕಟ್ಟಬೇಕು. ಮಗು ಅದರೊಳಗೆ ತನ್ನ ಮನೆಯದೇನನ್ನಾದರೂ ಇಟ್ಟರೆ ಇಡಲಿ, ಅದು ಅದರ ಹಕ್ಕು. ಇದು ಯಾರ ಮನೆಯಿಂದ ಬಂತು ಎಂದು ಶಿಕ್ಷಕರು ವಿಚಾರಿಸಬಾರದು, ಸ್ಟಾಫ್ ರೂಮಿನಲ್ಲಿ ಊಹಿಸುತ್ತಲೂ ಕೂರಬಾರದು. ಮದುವೆ, ಸಾಲ, ಕುಡಿತದಂಥ ವಿಷಯ ಇದ್ದರಂತೂ ಆ ಕಷ್ಟ ಇರುವ ಮಗುವಿಗೆ ಅದೇ ಪಾತ್ರ ಕೊಡಲೇಬಾರದು. ‘ಸಹಜವಾಗಿ ಮಾಡುತ್ತಾನೆ’ ಎಂದು ಕೆಲವರು ಕೊಡುತ್ತಾರೆ. ಇದು ಅಭಿನಯ ಕಲಿಸುವ ದಾರಿಯಲ್ಲ, ಗಾಯ ಕೆರೆಯುವ ದಾರಿ.

ಆ ಹುಡುಗ ಮುಂದೆ ಕೆಲವು ತಿಂಗಳ ನಂತರ ಬೇರೊಂದು ಪ್ರಸಂಗಕ್ಕೆ ಒಬ್ಬ ತಂದೆಯನ್ನು ಬರೆದ. ಲಾರಿ ಓಡಿಸುವ ತಂದೆ, ಎಲ್ಲಿದ್ದರೂ ರಾತ್ರಿ ಹತ್ತಕ್ಕೆ ಮನೆಗೆ ಫೋನ್ ಮಾಡುತ್ತಾನೆ. ನಾನು ಓದಿ, ಕಾಗುಣಿತದ ಎರಡು ತಪ್ಪು ತಿದ್ದಿ, ಸಹಿ ಹಾಕಿ ಕೊಟ್ಟೆ.

ದಸ್ತಗೀರನ ಕಥೆ ಏನಾಯಿತೆಂದು ಕೇಳುವಿರಿ. ಹದಿನಾರು ಪುಟ ಬರೆದಿದ್ದೆವು, ಆಡಲು ಇದ್ದದ್ದು ಆರು ನಿಮಿಷ. ಬರಗಾಲ, ಗ್ಯಾರೇಜು, ಗೋವಾ ಯಾವುದನ್ನೂ ಬಾಯಿಬಿಟ್ಟು ಹೇಳಲಿಲ್ಲ. ರುಖ್ಸಾನಾ ತನ್ನ ಅಂಕಪಟ್ಟಿ ತಂದು ತಂದೆಯ ಕೈಗೆ ಕೊಡುತ್ತಾಳೆ. ಅವನು ಬಹಳ ಹೊತ್ತು ನೋಡುತ್ತಾನೆ. ಆಮೇಲೆ ಏನೂ ಹೇಳದೆ ಅದನ್ನು ತಂಗಿಯ ಕಡೆ ಚಾಚುತ್ತಾನೆ. ದಾದಿ ಅಡಕೆ ಕತ್ತರಿಸುವುದನ್ನು ನಿಲ್ಲಿಸುತ್ತಾಳೆ. ಅಷ್ಟೇ. ಜ್ಞಾನೋದಯವಿಲ್ಲ, ಘೋಷಣೆಯೂ ಇಲ್ಲ. ನಮಗೆ ಬಹುಮಾನ ಬರಲಿಲ್ಲ. ಸಮಸ್ಯೆಗೆ ಯಾರು ಕಾರಣ ಎಂಬುದು ಸ್ಪಷ್ಟವಾಗಿಲ್ಲ ಎಂದು ತೀರ್ಪುಗಾರರಲ್ಲಿ ಒಬ್ಬರು ಹೇಳಿದರು. ಮಕ್ಕಳಿಗೆ ಬೇಸರವಾಯಿತು, ನನಗೂ ಆಯಿತು, ಸುಳ್ಳು ಹೇಳುವುದಿಲ್ಲ.

ಅದೇ ಪ್ರಸಂಗವನ್ನು ನಂತರ ಪಾಲಕರ ಸಭೆಯಲ್ಲಿ ಆಡಿದೆವು. ಮೊದಲು ನನ್ನನ್ನು ಪ್ರಶ್ನೆ ಕೇಳಿದ ಆ ಪಾಲಕರೂ ಬಂದಿದ್ದರು. ಮುಗಿದ ಮೇಲೆ ಈ ಸಲ ಅವರು ನನ್ನ ಬಳಿ ಬರಲಿಲ್ಲ, ದಸ್ತಗೀರ ಆಗಿದ್ದ ಹುಡುಗನ ಬಳಿ ಹೋದರು. “ಮುಂದ ಏನ್ ಮಾಡಿದೆಪಾ, ಕಳಿಸಿದ್ಯೋ ಇಲ್ಲೋ?” ಎಂದು ಕೇಳಿದರು. ಹುಡುಗ ಇನ್ನೂ ಪಾತ್ರದೊಳಗೇ ಇದ್ದ. “ಇನ್ನೂ ವಿಚಾರ ಮಾಡಾಕತ್ತೀನ್ರಿ” ಎಂದ. ಅವರ ದೊಡ್ಡ ಮಗಳು ಶಾಲೆ ಬಿಟ್ಟು ಆಗಲೇ ಎರಡು ವರ್ಷವಾಗಿತ್ತು. ಚಿಕ್ಕವಳು ಆಗ ಆರನೇ ತರಗತಿಯಲ್ಲಿದ್ದಳು.

ವಿದ್ಯಾರ್ಥಿ ಮಿತ್ರರೇ, ದಸ್ತಗೀರನ ಮನೆಯ ಆ ಹದಿನಾರು ಪುಟದ ನೋಟ್‌ಬುಕ್ ಉರ್ದು ಮತ್ತು ಕನ್ನಡ ಎರಡರಲ್ಲೂ ಇದೆ. ಈ ವರ್ಷ ಪಾತ್ರಾಭಿನಯ ಬರೆಯುವವರು ಕೇಳಿದರೆ ಕೊಡುತ್ತೇನೆ. ಅದರಲ್ಲಿ ರುಖ್ಸಾನಾಳ ತಾಯಿಯ ಪುಟಗಳು ಮಾತ್ರ ಇನ್ನೂ ಅರ್ಧ ಖಾಲಿ ಇವೆ. ಆಕೆ ಯಾವ ಊರಿನವಳು, ಎಷ್ಟು ಓದಿದ್ದಳು ಎಂದು ನಾವು ಬರೆದಿಲ್ಲ. ನೀವು ಯಾರಾದರೂ ಬರೆಯಿರಿ.